ಪೇಟಿ ಮುಚ್ಚಿತ್ತು, ಪೆನ್‌ಡ್ರೈವ್ ಹಾಡುತ್ತಿತ್ತು

ಬಾಗಿಲ ಎಡಕ್ಕೆ ಕಾಲಿನಿಂದ ಒತ್ತುವ ಸ್ಯಾನಿಟೈಸರ್ ಸ್ಟ್ಯಾಂಡ್ ಇನ್ನೂ ನಿಂತಿದೆ. ಬಾಟಲಿ ಇಲ್ಲ. ಬಾಟಲಿ ಕೂರುತ್ತಿದ್ದ ಬಳೆಯೊಳಗೆ ಅರ್ಧ ಉರಿದ ಮೇಣದಬತ್ತಿಗಳನ್ನು ತುರುಕಿದ್ದಾರೆ. ಒಳಗೆ ಸಿಮೆಂಟ್ ನೆಲದ ಮೇಲೆ ಹಳದಿ ಬಣ್ಣದ ದುಂಡು ಗುರುತುಗಳು. ಜಮಖಾನೆ ಹಾಸಿ ಹಾಸಿ, ಒರೆಸಿ ಒರೆಸಿ ಅರ್ಧಕ್ಕರ್ಧ ಅಳಿಸಿವೆ. ಬಾಗಿಲಿಂದ ಎಣಿಸುತ್ತ ಹೋದರೆ ಪೀಠದವರೆಗೆ ಆರು ಸಾಲು, ಸಾಲಿಗೆ ಐದು ಗುರುತು. ಒಟ್ಟು ಮೂವತ್ತು ಜನ. ಕೋವಿಡ್‌ಗೆ ಮುಂಚೆ ಹಬ್ಬದ ದಿನ ಇದೇ ನೆಲದ ಮೇಲೆ ನೂರೈವತ್ತು ಜನ ಮೈಗೆ ಮೈ ತಾಗಿಸಿ ಕೂರುತ್ತಿದ್ದರಂತೆ: ಒಂದು ಬದಿಗೆ ಗಂಡಸರು, ಇನ್ನೊಂದು ಬದಿಗೆ ಹೆಂಗಸರು, ಪೀಠದ ಮೆಟ್ಟಿಲವರೆಗೂ ಮಕ್ಕಳು.

ಕೊಪ್ಪಳ ಸೀಮೆಗೆ ಬಂದವರು ನೋಡಿಹೋಗುವ ಪಟ್ಟಿಯಲ್ಲಿ ಇಂಥ ಕ್ರೈಸ್ತ ಗುಡಿ ಇರುವುದಿಲ್ಲ. ಗವಿಮಠ, ಇಟಗಿಯ ಮಹಾದೇವ, ಕಿನ್ನಾಳದ ಗೊಂಬೆ, ಗಂಗಾವತಿ ದಾಟಿದರೆ ಆನೆಗೊಂದಿ, ಅಂಜನಾದ್ರಿ. ಇಷ್ಟರಲ್ಲಿ ದಿನ ಮುಗಿದಿರುತ್ತದೆ. ಇಲ್ಲಿ ಕೆಥೋಲಿಕ ಕ್ರೈಸ್ತರು ಇದ್ದಾರೆ ಎಂಬುದೇ ಎಷ್ಟೋ ಮಂದಿಗೆ ಗೊತ್ತಿಲ್ಲ. ಇದ್ದಾರೆ, ವಿರಳವಾಗಿ. 1949ರಲ್ಲಿ ಹುಟ್ಟಿದ ಬಳ್ಳಾರಿ ಧರ್ಮಕ್ಷೇತ್ರಕ್ಕೆ ಬಳ್ಳಾರಿ, ರಾಯಚೂರು ಸೀಮೆಗಳ ಜೊತೆ ಕೊಪ್ಪಳವೂ ಸೇರುತ್ತದೆ. ಕರಾವಳಿಯ ಹಾಗೆ ಊರೂರಿಗೆ ಗೋಪುರ, ಗೋಪುರಕ್ಕೊಂದು ಬ್ಯಾಂಡ್ ಇಲ್ಲಿಲ್ಲ. ಒಬ್ಬ ಫಾದರ್, ಹಲವು ಹಳ್ಳಿ, ಒಂದು ಮೋಟಾರ್ ಸೈಕಲ್ಲು.

ವಾದ್ಯ ಎಂದರೆ ಒಂದು ಪೇಟಿ, ಒಂದು ಜೋಡಿ ತಬಲಾ, ತಾಳ. ಈಚೆಗೆ ಕೆಲವು ಕಡೆ ಕೀಬೋರ್ಡು. ಗದಗ ಪಕ್ಕದಲ್ಲೇ ಇದೆ. ಪಂಚಾಕ್ಷರಿ ಗವಾಯಿಗಳು, ಪುಟ್ಟರಾಜ ಗವಾಯಿಗಳು ಬೆಳೆಸಿದ ಪುಣ್ಯಾಶ್ರಮದ ದೆಸೆಯಿಂದ ಈ ಭಾಗದಲ್ಲಿ ಹಾರ್ಮೋನಿಯಂ ಬಲ್ಲವರಿಗೆ ಬರವಿಲ್ಲ. ಮಠದ ಭಜನೆ, ಬಯಲಾಟ, ಚರ್ಚಿನ ಹಾಡು ಎಂದು ಬೆರಳು ಭೇದ ಮಾಡುವುದಿಲ್ಲ. ಗಾನವೃಂದ ಎಂದು ಹೆಸರಿಗೆ ಒಂದು ಗುಂಪಿದ್ದರೂ ಅದು ಹಾಡನ್ನು ಎತ್ತಿಕೊಡುತ್ತದೆ, ಅಷ್ಟೆ. ಆಮೇಲೆ ಇಡೀ ಗುಡಿ ಹಾಡುತ್ತದೆ, ಗಂಟಲು ಬಿಟ್ಟು. ಮೆಲ್ಲಗೆ ಹಾಡುವುದು ಎಂಬ ಪದ್ಧತಿಯೇ ಈ ಬಯಲುಸೀಮೆಗೆ ಗೊತ್ತಿಲ್ಲ.

ಹಾಗಾಗಿ ಪೂಜೆಯ ತಯಾರಿ ಎಂದರೆ ಶನಿವಾರ ಸಂಜೆ ಕಾಲು ಗಂಟೆಯ ಮಾತು. ಪ್ರವೇಶಕ್ಕೆ ಯಾವ ಹಾಡು, ಕಾಣಿಕೆಗೆ ಯಾವುದು, ಪರಮಪ್ರಸಾದಕ್ಕೆ ಯಾವುದು, ಕೊನೆಗೆ ಮಾತೆ ಮರಿಯಮ್ಮನ ಹಾಡೋ ಬೇರೆಯೋ. ಹಾಡು ಎತ್ತಿಕೊಡುವ ಅಕ್ಕನ ಹತ್ತಿರ ಒಂದು ಉದ್ದ ನೋಟ್‌ಬುಕ್ಕು. ನನಗೆ ತೆರೆದು ತೋರಿಸಿದರು. 2020ರ ಮಾರ್ಚ್‌ವರೆಗೆ ವಾರಕ್ಕೆ ನಾಲ್ಕು ಸಾಲು. ಆಮೇಲೆ ಖಾಲಿ ಹಾಳೆ. ಜೂನ್‌ನಿಂದ ಮತ್ತೆ ಬರವಣಿಗೆ ಶುರುವಾಗುತ್ತದೆ. ಆದರೆ ಹಾಡಿನ ಹೆಸರುಗಳಲ್ಲ, ಜನರ ಹೆಸರುಗಳು. ಮೊದಲ ಪೂಜೆಗೆ ಯಾವ ಓಣಿ, ಎರಡನೆಯದಕ್ಕೆ ಯಾವ ಓಣಿ, ಬಾಗಿಲಲ್ಲಿ ಜ್ವರ ನೋಡುವವರು ಯಾರು, ಪೂಜೆಗಳ ನಡುವೆ ನೆಲ ಒರೆಸುವವರು ಯಾರು.

ದೇಶದ ಮೊದಲ ಕೋವಿಡ್ ಸಾವು ನಡೆದದ್ದು ಕಲಬುರಗಿಯ ವೃದ್ಧರೊಬ್ಬರದು, 2020ರ ಮಾರ್ಚ್ 10ರಂದು. ಆ ಸುದ್ದಿ ಕೊಪ್ಪಳಕ್ಕೆ ಬೆಂಗಳೂರಿಗಿಂತ ಹತ್ತಿರದ್ದು. ಆದರೂ ಮೇ 1ರಂದು ಕೇಂದ್ರ ಸರ್ಕಾರ ಜಿಲ್ಲೆಗಳಿಗೆ ಬಣ್ಣ ಹಚ್ಚಿದಾಗ ಕೊಪ್ಪಳ ಹಸಿರು ಪಟ್ಟಿಯಲ್ಲಿತ್ತು. ಊರಲ್ಲಿ ರೋಗವಿಲ್ಲ, ಗುಡಿಗೆ ಬೀಗ. ಆ ವರ್ಷದ ಪವಿತ್ರ ವಾರ ಪೂರ್ತಿ ಆ ಬೀಗದೊಳಗೇ ಕಳೆಯಿತು. ಗರಿಗಳ ಭಾನುವಾರ ಏಪ್ರಿಲ್ 5, ಶುಭ ಶುಕ್ರವಾರ ಏಪ್ರಿಲ್ 10, ಪಾಸ್ಕ, ಅಂದರೆ ಈಸ್ಟರ್, ಏಪ್ರಿಲ್ 12. ಹಬ್ಬವನ್ನು ಮುಂದೂಡುವಂತಿಲ್ಲ ಎಂದು ವ್ಯಾಟಿಕನ್ನಿನ ಆರಾಧನಾ ವಿಭಾಗ ಮಾರ್ಚ್‌ನಲ್ಲೇ ಹೇಳಿತ್ತು. ಆದರೆ ಹಬ್ಬದೊಳಗಿನ ಒಂದೊಂದನ್ನೇ ಕಳಚಿತು. ಗುರುವಾರ ಪಾದ ತೊಳೆಯುವುದು ಬೇಡ. ಶುಕ್ರವಾರ ಶಿಲುಬೆಗೆ ಮುತ್ತಿಡುವುದು ಗುರುಗಳೊಬ್ಬರೇ. ಶನಿವಾರ ರಾತ್ರಿ ಹೊಸ ಬೆಂಕಿ ಹೊತ್ತಿಸುವುದೂ ಬೇಡ, ಮೆರವಣಿಗೆಯೂ ಬೇಡ; ಪಾಸ್ಕದ ಬತ್ತಿ ಹಚ್ಚಿ ನೇರ ಪಾಸ್ಕ ಘೋಷಣೆಗೆ ಹೋಗಿ. ಅದೊಂದು ದೀರ್ಘ ಹಾಡು, ಒಬ್ಬರೇ ಹಾಡುವಂಥದ್ದು. ವರ್ಷದ ಅತಿ ದೊಡ್ಡ ರಾತ್ರಿ ಖಾಲಿ ಗುಡಿಯಲ್ಲಿ ಉಳಿದ ಸಂಗೀತ ಇದೊಂದೇ.

ಗಂಗಾವತಿ ಕಡೆ ಹೊರಟರೆ ಮುನಿರಾಬಾದ್ ದಾಟುತ್ತಲೇ ನೆಲದ ಬಣ್ಣ ಬದಲಾಗುತ್ತದೆ. ತುಂಗಭದ್ರೆಯ ಎಡದಂಡೆ ಕಾಲುವೆ ಬಂದ ಮೇಲೆ ಆಂಧ್ರದ ರೈತರು ಇಳಿದ ನೆಲ ಇದು. ಊರಿನ ಹೆಸರಿನ ಕೊನೆಗೆ ಕ್ಯಾಂಪ್ ಎಂದಿದ್ದರೆ ಅಲ್ಲಿ ತೆಲುಗು ಕೇಳಿಸುತ್ತದೆ. ಪ್ರಾರ್ಥನೆಯ ಹಾಡೂ ಕನ್ನಡದಿಂದ ತೆಲುಗಿಗೆ, ತೆಲುಗಿನಿಂದ ಕನ್ನಡಕ್ಕೆ ಯಾವ ಮುಜುಗರವೂ ಇಲ್ಲದೆ ದಾಟಿಕೊಳ್ಳುತ್ತದೆ. ಆ ಏಪ್ರಿಲ್‌ನಲ್ಲಿ ಇಲ್ಲಿ ಬೇಸಿಗೆ ಭತ್ತ ಕೊಯ್ಲಿಗೆ ಬಂದಿತ್ತು. ಕೃಷಿ ಕೆಲಸಕ್ಕೆ ಲಾಕ್‌ಡೌನಿನಿಂದ ವಿನಾಯಿತಿ ಸಿಕ್ಕಿದ್ದರಿಂದ ಗುಡಿ ಮುಚ್ಚಿತ್ತು, ಗದ್ದೆ ತೆರೆದಿತ್ತು. ಗರಿಗಳ ಭಾನುವಾರ ಕೈಯಲ್ಲಿ ಈಚಲ ಗರಿ ಹಿಡಿಯಬೇಕಾದವರು ಗದ್ದೆಯಲ್ಲಿದ್ದರು. ಹೆಂಗಸರು ಸಾಲಾಗಿ ನಿಂತಲ್ಲಿ ಹಾಡು ಬಂದೇ ಬರುತ್ತದೆ. ಬಯಲಿನ ಆ ಹಾಡನ್ನು ಯಾವ ಆದೇಶವೂ ತಡೆಯಲಿಲ್ಲ, ತಡೆಯುವ ಅಗತ್ಯವೂ ಇರಲಿಲ್ಲ. ಗಾಳಿಯಾಡುವ ಜಾಗದಲ್ಲಿ ಅಪಾಯ ಕಡಿಮೆ ಎಂಬುದು ಆಮೇಲೆ ತಾನೇ ಗೊತ್ತಾದದ್ದು.

ಜೂನ್ 8ರಂದು ಬಾಗಿಲು ತೆರೆಯುವ ಮೊದಲು, ಜೂನ್ 4ರಂದು, ಕೇಂದ್ರ ಆರೋಗ್ಯ ಸಚಿವಾಲಯ ಪ್ರಾರ್ಥನಾ ಸ್ಥಳಗಳಿಗೆಂದು ಮಾರ್ಗಸೂಚಿ ಹೊರಡಿಸಿತು. ಆರು ಅಡಿ ಅಂತರ. 65 ದಾಟಿದವರು, 10ರ ಒಳಗಿನ ಮಕ್ಕಳು, ಬಸುರಿಯರು ಮನೆಯಲ್ಲೇ ಇದ್ದರೆ ಒಳ್ಳೆಯದು. ಮೂರ್ತಿ, ಗ್ರಂಥ ಮುಟ್ಟಬಾರದು. ತೀರ್ಥ ಚಿಮುಕಿಸಬಾರದು. ಎಲ್ಲರೂ ಕೂರುವ ಚಾಪೆ ಬೇಡ, ಅವರವರ ಬಟ್ಟೆ ಅವರವರೇ ತಂದು ವಾಪಸ್ ಒಯ್ಯಬೇಕು. ಹವಾನಿಯಂತ್ರಣ 24ರಿಂದ 30 ಡಿಗ್ರಿಯೊಳಗೆ ಇರಬೇಕು ಎಂಬುದೂ ಇತ್ತು. ತಗಡಿನ ಸೂರಿನ ಕೆಳಗೆ ಮೇ ತಿಂಗಳು ಕಳೆದವರು ಅದನ್ನು ಓದಿ ನಕ್ಕಿರಬೇಕು. ಮತ್ತು ಈ ಬರಹಕ್ಕೆ ಬೇಕಾದ ಸಾಲು: ಗಾಯನ ವೃಂದ, ಹಾಡುವ ಗುಂಪುಗಳಿಗೆ ಅವಕಾಶ ಇಲ್ಲ, ಧ್ವನಿಮುದ್ರಿತ ಭಕ್ತಿಗೀತೆ ಹಾಕಬಹುದು.

ಜಮಖಾನೆ ಸುತ್ತಿ ಮೂಲೆಗಿಟ್ಟರು. ಪೇಟಿಯನ್ನು ಬಟ್ಟೆ ಸುತ್ತಿ ಕಪಾಟಿಗೆ ಸೇರಿಸಿದರು. ಮೈಕಿನ ಪೆಟ್ಟಿಗೆಗೆ ಒಂದು ಪೆನ್‌ಡ್ರೈವ್ ಚುಚ್ಚಿದರು. ಈ ಗುಡಿಯಲ್ಲಿ ಮಾತ್ರವಲ್ಲ, ಬಹಳ ಕಡೆ ಆದದ್ದು ಇದೇ. ಬೆಂಗಳೂರಿನಲ್ಲೋ ಮಂಗಳೂರಿನಲ್ಲೋ ಸ್ಟುಡಿಯೋದಲ್ಲಿ ಮಾಡಿದ ಹಾಡು, ಹಿಂದೆ ಪಿಟೀಲಿನ ತಂಡ, ಮುಂದೆ ಸಿನಿಮಾ ಗಾಯಕರ ದನಿ. ಹಾಡು ಚೆನ್ನಾಗಿಯೇ ಇರುತ್ತಿತ್ತು. ಫಾದರ್ ಪೀಠ ತಲುಪಿದರೂ ಹಾಡು ಮುಗಿಯುತ್ತಿರಲಿಲ್ಲ, ಇಲ್ಲವೇ ಪರಮಪ್ರಸಾದಕ್ಕೆ ಇನ್ನೂ ಹತ್ತು ಜನ ನಿಂತಿರುವಾಗಲೇ ಮುಗಿದು ಮುಂದಿನ ಹಾಡು, ಕ್ರಿಸ್ಮಸ್ಸಿನದು, ಶುರುವಾಗುತ್ತಿತ್ತು. ಪೇಟಿ ನುಡಿಸುವವನ ಕಣ್ಣು ಪೀಠದ ಮೇಲಿರುತ್ತದೆ. ಪೆನ್‌ಡ್ರೈವಿಗೆ ಕಣ್ಣಿಲ್ಲ.

ಸರ್ಕಾರವನ್ನು ಇದಕ್ಕೆ ಬೈಯುವುದರಲ್ಲಿ ಅರ್ಥವಿಲ್ಲ. ಅಮೆರಿಕದ ವಾಷಿಂಗ್ಟನ್ ರಾಜ್ಯದ ಮೌಂಟ್ ವರ್ನನ್‌ನಲ್ಲಿ 2020ರ ಮಾರ್ಚ್ 10ರ ಸಂಜೆ, ಅಂದರೆ ಕಲಬುರಗಿಯ ಸಾವು ನಡೆದ ದಿನವೇ, 61 ಜನರ ಗಾಯನ ತಂಡ ಎರಡೂವರೆ ಗಂಟೆ ತಾಲೀಮು ಮಾಡಿತ್ತು. ಅವರಲ್ಲಿ 52 ಜನಕ್ಕೆ ಅದೊಂದೇ ಸಂಜೆ ಸೋಂಕು ಅಂಟಿತೆಂದು ತಿಳಿದುಬಂತು, ಇಬ್ಬರು ತೀರಿಕೊಂಡರು. ಆ ವರದಿ ಮೇನಲ್ಲಿ ಬಂದ ಮೇಲೆ ಜಗತ್ತಿನ ಬಹಳ ಕಡೆ ಗುಂಪು ಹಾಡಿಗೆ ಧೈರ್ಯ ಉಳಿಯಲಿಲ್ಲ. ಮುಂದೆ ಬ್ರಿಸ್ಟಲ್ ವಿಶ್ವವಿದ್ಯಾಲಯದವರು ಅಳೆದು ನೋಡಿದಾಗ ಇನ್ನೊಂದು ಸಂಗತಿ ತಿಳಿಯಿತು. ಮಾತಿಗೂ ಹಾಡಿಗೂ ಇರುವ ವ್ಯತ್ಯಾಸ ಸಣ್ಣದು. ಹೆಚ್ಚು ಕಡಿಮೆ ಮಾಡುವುದು ದನಿಯ ಜೋರು. ಮೆಲ್ಲಗೆ ಹಾಡಿದರೆ ಬಾಯಿಂದ ಹೊರಬೀಳುವ ಕಣ ಕಡಿಮೆ, ಕೂಗಿ ಹಾಡಿದರೆ ಹಲವು ಪಟ್ಟು. ಗಂಟಲು ಬಿಟ್ಟು ಹಾಡುವ ಸೀಮೆಗೆ ಇದು ಸಿಹಿ ಸುದ್ದಿಯಲ್ಲ.

ನನ್ನ ತಕರಾರು ಬೇರೆ ಕಡೆ ಇದೆ. ಕೆಥೋಲಿಕ ಧರ್ಮಸಭೆ ಯಂತ್ರದ ಹಾಡಿನ ಬಗ್ಗೆ ಕೋವಿಡ್‌ಗೆ ಎಷ್ಟೋ ಮೊದಲೇ ಯೋಚಿಸಿತ್ತು. 1958ರ ಸೆಪ್ಟೆಂಬರ್‌ನಲ್ಲಿ ರೋಮ್ ಹೊರಡಿಸಿದ ಪವಿತ್ರ ಸಂಗೀತದ ಸೂಚನೆಯಲ್ಲಿ ಗ್ರಾಮೋಫೋನು, ರೇಡಿಯೋ, ಟೇಪ್ ರೆಕಾರ್ಡರು ಪೂಜೆಯೊಳಗೆ ಬರಕೂಡದು ಎಂದು ಸ್ಪಷ್ಟವಾಗಿ ಇದೆ. ಅದಾದ ಮೇಲೆ ದ್ವಿತೀಯ ವ್ಯಾಟಿಕನ್ ಮಹಾಸಭೆ ನಡೆಯಿತು. 1963ರ ಡಿಸೆಂಬರ್‌ನ ತೀರ್ಮಾನದಿಂದ ಲ್ಯಾಟಿನ್ ಜಾಗಕ್ಕೆ ಕನ್ನಡ ಬರಲು ದಾರಿಯಾಯಿತು. 1967ರ ಮಾರ್ಚ್‌ನಲ್ಲಿ ಮತ್ತೊಂದು ಸೂಚನೆ ಬಂತು. ಪೂಜೆಯಲ್ಲಿ ಏನನ್ನು ಮೊದಲು ಹಾಡಬೇಕು, ಏನನ್ನು ಆಮೇಲೆ ಎಂದು ಅದರಲ್ಲಿ ಮೂರು ಮೆಟ್ಟಿಲು ಹಾಕಿದ್ದಾರೆ. ಮೊದಲ ಮೆಟ್ಟಿಲು: ಗುರುಗಳು ಕರೆದರೆ ಜನ ಕೊಡುವ ಉತ್ತರ, ಪವಿತ್ರ ಪವಿತ್ರ ಎಂಬ ಘೋಷ, ಪ್ರಭು ಕಲಿಸಿದ ಪ್ರಾರ್ಥನೆ. ಎರಡನೆಯದು: ದಯೆತೋರಿ, ಮಹಿಮೆ, ವಿಶ್ವಾಸ ಪ್ರಕಟಣೆ. ಪ್ರವೇಶ ಗೀತೆ, ಕಾಣಿಕೆ ಗೀತೆ, ಪರಮಪ್ರಸಾದ ಗೀತೆ ಇರುವುದು ಕೊನೆಯ ಮೆಟ್ಟಿಲಲ್ಲಿ.

ಅಂದರೆ ಸಂಗೀತಕ್ಕೆ ಕತ್ತರಿ ಹಾಕಲೇಬೇಕಾದ ಕಾಲದಲ್ಲಿ ಎಲ್ಲಿಂದ ಕತ್ತರಿಸಬೇಕು ಎಂಬುದಕ್ಕೆ ದಾರಿ ಬರೆದಿಟ್ಟಿತ್ತು. ಗೀತೆಗಳನ್ನು ಬಿಡಿ, ಒಂದೊಂದು ಸಾಲಿನ ಉತ್ತರಗಳನ್ನು ಮೆಲ್ಲಗೆ, ಮಾಸ್ಕಿನೊಳಗಿಂದಲೇ, ಉಳಿಸಿಕೊಳ್ಳಿ. ನಾವು ಮಾಡಿದ್ದು ತಿರುವುಮುರುವು. ಉತ್ತರಗಳು ಮಾಸ್ಕಿನೊಳಗೆ ಗೊಣಗಾಗಿ ಕರಗಿದವು, ಗೀತೆಗಳು ಪೆನ್‌ಡ್ರೈವಿನಿಂದ ಜೋರಾಗಿ ಕೇಳಿದವು. ಹಾಡು ಎಂದರೆ ಗೀತೆ ಎಂದೇ ನಾವು ತಿಳಿದಿದ್ದೆವು, ಅದಕ್ಕೆ. ಪೆನ್‌ಡ್ರೈವ್ ಎಷ್ಟು ಗೀತೆಯನ್ನಾದರೂ ಹಾಡೀತು, ಗುರುಗಳು ಕೈಚಾಚಿ ಆಶೀರ್ವದಿಸಿದಾಗ ಅದು ಉತ್ತರ ಕೊಡಲಾರದು. ಕೆಲವು ಕಡೆ ಈ ಸೂಕ್ಷ್ಮ ಹೊಳೆದು, ಕಿಟಕಿ ಪಕ್ಕ ಒಬ್ಬಳೇ ಹಾಡುಗಾರ್ತಿಯನ್ನು ನಿಲ್ಲಿಸಿ, ಕೀರ್ತನೆಯ ಸಾಲನ್ನು ಆಕೆ ಹಾಡಿ ಮಿಕ್ಕವರು ಮನಸ್ಸಿನಲ್ಲೇ ಹೇಳುವ ಪದ್ಧತಿ ಮಾಡಿದರು. ನನಗೆ ಕೇಳಿದರೆ ಅದೇ ಸರಿಯಾದ ಹಾದಿ. ಅದೂ ಸಿಗದಿದ್ದರೆ ಸುಮ್ಮನಿರುವುದೇ ಲೇಸು.

ಉಳಿದ ತೊಡಕುಗಳೂ ಕಡಿಮೆ ಇರಲಿಲ್ಲ. 2020ರ ಕ್ರಿಸ್ಮಸ್ ನೆನಪಿರಬಹುದು. ಡಿಸೆಂಬರ್ 23ರಂದು ರಾಜ್ಯ ಸರ್ಕಾರ ರಾತ್ರಿ ಕರ್ಫ್ಯೂ ಎಂದಿತು, ಆ ರಾತ್ರಿಯಿಂದಲೇ. ಆಮೇಲೆ 24ರ ರಾತ್ರಿ 11ರಿಂದ ಎಂದಿತು. 24ರ ಸಂಜೆ ಕರ್ಫ್ಯೂವನ್ನೇ ಹಿಂತೆಗೆದುಕೊಂಡಿತು. ನಡುರಾತ್ರಿ ಪೂಜೆಯನ್ನು ಸಂಜೆಗೆ ಎಳೆದುತಂದು, ಹಳ್ಳಿ ಹಳ್ಳಿಗೆ ಫೋನು ಮಾಡಿ ಮುಗಿಸಿದ್ದವರು ಮತ್ತೆ ಫೋನು ಹಿಡಿಯಬೇಕೋ ಬೇಡವೋ ತಿಳಿಯದೆ ಕೂತರು. ಬಹಳ ಮಂದಿ ಹಿಡಿಯಲಿಲ್ಲ.

2021ರ ಫೆಬ್ರವರಿ 17ರ ಬೂದಿ ಬುಧವಾರದ್ದು ಇನ್ನೊಂದು ಪರದಾಟ. ಹಣೆಗೆ ಹಚ್ಚುವ ಬೂದಿಯನ್ನು ಹಿಂದಿನ ವರ್ಷದ ಗರಿ ಸುಟ್ಟು ಮಾಡುವುದು ವಾಡಿಕೆ. ಹಿಂದಿನ ವರ್ಷ ಗರಿಯನ್ನೇ ಹಂಚಿರಲಿಲ್ಲ. ಮನೆಗಳಲ್ಲಿ ತಿರುಹೃದಯದ ಪಟದ ಹಿಂದೆ 2019ರ ಈಚಲ ಗರಿ ಒಣಗಿ ನಿಂತಿತ್ತು; ಅದನ್ನೇ ಇಸಿದುಕೊಂಡು ಸುಟ್ಟರು. ಹಚ್ಚುವ ಕ್ರಮವೂ ಬದಲಾಗಿತ್ತು. ರೋಮಿನ ಸೂಚನೆಯಂತೆ ಮಂತ್ರವನ್ನು ಎಲ್ಲರಿಗೂ ಸೇರಿಸಿ ಒಂದೇ ಸಲ ಹೇಳಿ, ಕೈ ತೊಳೆದು, ಮಾಸ್ಕ್ ಹಾಕಿ, ಮಾತಿಲ್ಲದೆ ಕೊಡಬೇಕು. ಬೂದಿ ಬುಧವಾರದಿಂದ ಶುರುವಾಗುವ ನಲವತ್ತು ದಿನದ ತಪಸ್ಸು ಕಾಲಕ್ಕೆ ಸಂಗೀತದ ಹಳೆಯ ಕಟ್ಟಳೆ ಒಂದಿದೆ: ಹಾಡಿಗೆ ಆಸರೆಯಾಗಿ ಮಾತ್ರ ವಾದ್ಯ ನುಡಿಸಬಹುದು, ಬರೀ ವಾದ್ಯ ನುಡಿಸುವಂತಿಲ್ಲ. ಧರ್ಮಸಭೆ ಹಾಡಿಲ್ಲದೆ ವಾದ್ಯ ಬೇಡ ಎನ್ನುತ್ತದೆ, ಮಾರ್ಗಸೂಚಿ ಹಾಡೇ ಬೇಡ ಎನ್ನುತ್ತದೆ. ಹೀಗಾಗಿ ಆ ನಲವತ್ತು ದಿನ ಪೇಟಿಗೆ ಕಪಾಟೇ ಗತಿಯಾಯಿತು.

ಪಾಸ್ಕ ಏಪ್ರಿಲ್ 4ಕ್ಕೆ ಹೇಗೋ ದಾಟಿತು. ಏಪ್ರಿಲ್ 21ರಿಂದ ಮತ್ತೆ ಬೀಗ. ಎರಡನೇ ಅಲೆಯಲ್ಲಿ ಕೊಪ್ಪಳಕ್ಕೆ ಹಸಿರು ಬಣ್ಣದ ಭಾಗ್ಯ ಇರಲಿಲ್ಲ. ಮೇ ತಿಂಗಳಲ್ಲಿ ಗವಿಮಠ ತನ್ನ ವೃದ್ಧಾಶ್ರಮದ ಕಟ್ಟಡದಲ್ಲಿ 100 ಹಾಸಿಗೆಯ ಕೋವಿಡ್ ಆಸ್ಪತ್ರೆ ತೆರೆಯಿತು; ಲಕ್ಷಾಂತರ ಜನ ಸೇರುವ ಜಾತ್ರೆಯ ಊರಿನಲ್ಲಿ ಜಾತಿ, ಧರ್ಮ ಕೇಳದೆ ಹಾಸಿಗೆ ಸಿಕ್ಕಿದ್ದು ಅಲ್ಲಿ. ಗವಿಸಿದ್ಧೇಶ್ವರನ ಜಾತ್ರೆಯೇ ಎಂದಿನ ವೈಭವ ಬಿಟ್ಟು ನಡೆಯಿತೆಂದ ಮೇಲೆ ಮೂವತ್ತು ಜನದ ಗುಡಿಯವರು ತಮ್ಮ ಹಾಡಿಗಾಗಿ ಗೋಳಾಡುವುದು ಹೇಗೆ? ಯಾರೂ ಗೋಳಾಡಲಿಲ್ಲ. ಜುಲೈ 5ಕ್ಕೆ ಬಾಗಿಲು ತೆರೆದಾಗ ಆದೇಶದಲ್ಲಿ ದರ್ಶನಕ್ಕೆ ಮಾತ್ರ ಅವಕಾಶ, ಸೇವೆಗಳಿಲ್ಲ ಎಂದಿತ್ತು. ಒಬ್ಬರ ಹಿಂದೊಬ್ಬರು ಬಂದು ಕೈಮುಗಿದು ಹೋಗುವ ಗುಡಿಯನ್ನು ಕಣ್ಣಮುಂದೆ ಇಟ್ಟುಕೊಂಡು ಬರೆದ ಆದೇಶ. ಒಂದು ಗಂಟೆ ಒಟ್ಟಿಗೆ ಕೂತೇ ಮಾಡಬೇಕಾದ ಬಲಿಪೂಜೆಗೆ, ಶುಕ್ರವಾರದ ನಮಾಜಿಗೆ ಅದು ಹೇಗೆ ಹೊಂದುತ್ತದೆಂದು ಠಾಣೆಗೆ ಹೋಗಿ ಕೇಳಿಕೊಂಡು ಬರಬೇಕಾಯಿತು.

ಕುಷ್ಟಗಿ, ಯಲಬುರ್ಗಾ ಕಡೆ ನೆಲ ಒಣ. ಸಜ್ಜೆ, ಜೋಳ, ಕಡಲೆ, ಅಲ್ಲಲ್ಲಿ ದಾಳಿಂಬೆ ತೋಟ. ದುಡಿಯುವವರು ಗುಳೆ ಹೋಗುವುದು ಮಂಗಳೂರಿಗೆ, ಗೋವಾಕ್ಕೆ, ಬೆಂಗಳೂರಿಗೆ. 2020ರ ಮೇನಲ್ಲಿ ಅವರೆಲ್ಲ ಬಸ್ಸುಗಳಲ್ಲಿ ವಾಪಸ್ಸಾದರು, ಮೊದಲು ಊರ ಶಾಲೆಯಲ್ಲಿ ಕ್ವಾರಂಟೈನ್ ಆದರು. ಪೂಜೆಯನ್ನು ಯೂಟ್ಯೂಬಿನಲ್ಲಿ ನೋಡಿ ಎಂಬ ಪರಿಹಾರ ಪಟ್ಟಣಕ್ಕೆ ಸರಿ. ಇಲ್ಲಿ ಮನೆಗೊಂದು ಸ್ಮಾರ್ಟ್‌ಫೋನು, ಅದು ಮಗನ ಕೈಯಲ್ಲಿ, ಮಗ ಟವರ್ ಹುಡುಕುತ್ತ ಹೊಲದ ಬದುವಿನ ಮೇಲೆ. ಪೋಪ್ ಫ್ರಾನ್ಸಿಸ್ ಆ ವರ್ಷದ ಮಾರ್ಚ್ 27ರ ಸಂಜೆ ಮಳೆಯಲ್ಲಿ ವ್ಯಾಟಿಕನ್ನಿನ ಖಾಲಿ ಚೌಕದ ಮುಂದೆ ಒಬ್ಬರೇ ನಿಂತು ಪ್ರಾರ್ಥಿಸಿದ ವಿಡಿಯೋ ಮಾತ್ರ ವಾಟ್ಸ್‌ಆ್ಯಪಿನಲ್ಲಿ ಈ ಹಳ್ಳಿಗಳಿಗೂ ಬಂದು ತಲುಪಿತ್ತು.

ಇಂಥದೊಂದು ಹಳ್ಳಿಯ ಓಣಿಯಲ್ಲಿ ಕೇಳಿದ್ದು: ಸಂಜೆ ಜಪಸರವನ್ನು ಕಟ್ಟೆಯಿಂದ ಕಟ್ಟೆಗೆ ಹೇಳುತ್ತಿದ್ದರಂತೆ. ಒಂದು ಮನೆಯ ಮುದುಕಿ ಮೊದಲರ್ಧ ಹೇಳುವುದು, ಎದುರು ಮನೆಯವರು ಉಳಿದರ್ಧ. “ಫಾದರ್ ಇಲ್ಲಾಂದ್ರೇನ್ರಿ, ಬಾಯಿಪಾಠ ಐತಲ್ರಿ” ಎಂದರು ಆಕೆ, ತೀರ ಸಾಮಾನ್ಯ ಸಂಗತಿ ಎಂಬಂತೆ. ಯಾರೂ ಅವರಿಗೆ 1967ರ ಸೂಚನೆ ಓದಿ ಹೇಳಿರಲಿಲ್ಲ. ಆದರೂ ಕರೆ, ಉತ್ತರ ಎರಡನ್ನೂ ಅವರು ಬಿಟ್ಟಿರಲಿಲ್ಲ, ಗೀತೆಯನ್ನು ಬಿಟ್ಟಿದ್ದರು.

ತಾವರಗೇರಾ ಮೇಲೆ ಹೋದರೆ ಜಿಲ್ಲೆಯ ಗಡಿ ದಾಟಿ ರಾಯಚೂರು ಜಿಲ್ಲೆಯ ಮುದಗಲ್ಲು. 1997ರವರೆಗೆ ಇದೆಲ್ಲ ಒಂದೇ ಜಿಲ್ಲೆ, ಧರ್ಮಕ್ಷೇತ್ರ ಈಗಲೂ ಒಂದೇ. ಕೋಟೆ ನೋಡುವವರು, ಮೊಹರಂ ನೋಡುವವರು ಮುದಗಲ್ಲಿಗೆ ಬರುತ್ತಾರೆ. ಕರ್ನಾಟಕದ ಒಳನಾಡಿನ ಅತಿ ಹಳೆಯ ಕೆಥೋಲಿಕ ನೆಲೆಗಳಲ್ಲೊಂದು ಇಲ್ಲಿದೆ ಎಂಬುದು ಅವರ ಕಣ್ಣಿಗೆ ಬೀಳುವುದಿಲ್ಲ. ಬಿಜಾಪುರದ ಆದಿಲಶಾಹಿಯ ಕಾಲದಲ್ಲಿ, 1557ರ ಹೊತ್ತಿಗೆ, ಯೇಸುಸಭೆಯ ಗುರುಗಳು ಇಲ್ಲಿ ಗುಡಿ ಕಟ್ಟಿದ್ದರೆಂದು ಹೇಳುತ್ತಾರೆ. ಆ ಲೆಕ್ಕದಲ್ಲಿ ತಾಳಿಕೋಟೆಯ ಯುದ್ಧಕ್ಕಿಂತ ಹಳೆಯದು. 1773ರಲ್ಲಿ ಪೋಪ್ ಯೇಸುಸಭೆಯನ್ನೇ ವಿಸರ್ಜಿಸಿಬಿಟ್ಟರು. ದಖ್ಖಣದ ಇಂಥ ದೂರದ ನೆಲೆಗಳಿಗೆ ಆಮೇಲೆ ಗುರುಗಳು ಎಷ್ಟು ವಿರಳವಾಗಿ ಬಂದಿರಬೇಕೆಂದು ಊಹಿಸಬಹುದು. ಪ್ರಾರ್ಥನೆ ಉಳಿದಿದ್ದರೆ ಅದು ಬಾಯಿಂದ ಬಾಯಿಗೆ, ಅಜ್ಜಿಯಿಂದ ಮೊಮ್ಮಗಳಿಗೆ ದಾಟಿಯೇ ಉಳಿದಿರಬೇಕು. 2020ರ ಎರಡೂವರೆ ತಿಂಗಳು, 2021ರ ಎರಡೂವರೆ ತಿಂಗಳು ಆ ಲೆಕ್ಕದಲ್ಲಿ ದೊಡ್ಡದಲ್ಲ.

ಮುದಗಲ್ಲಿನ ಗದ್ದಲದ ಹಬ್ಬ ಮೊಹರಂ. ಹುಸೇನಿ ಆಲಂ ನೋಡಲು ಜಾತಿ ಭೇದವಿಲ್ಲದೆ ಸುತ್ತಣ ಜಿಲ್ಲೆಗಳು ಬಂದು ಸೇರುತ್ತವೆ, ಹೆಜ್ಜೆ ಕುಣಿತ, ರಿವಾಯತ ಪದ ರಾತ್ರಿಯಿಡೀ. 2020ರ ಆಗಸ್ಟ್ ಕೊನೆಗೆ ರಾಜ್ಯದಾದ್ಯಂತ ಮೊಹರಂ ಮೆರವಣಿಗೆಗೆ ನಿಷೇಧವಿತ್ತು. ಅಲ್ಲಿಯೂ ಪದ ಎತ್ತುವವನು ಒಬ್ಬ, ಹಿಮ್ಮೇಳ ಊರಿಗೆ ಊರೇ. ಹಿಮ್ಮೇಳವಿಲ್ಲದ ರಿವಾಯತವನ್ನು ಮೊಬೈಲಿನಲ್ಲಿ ಹಾಕಿ ಕೇಳಿದವರು ಎಷ್ಟು ಹೊತ್ತು ಕೇಳಿಯಾರು?

ಈಗ ಯಾವ ನಿಷೇಧವೂ ಇಲ್ಲ. ಹಳದಿ ಗುರುತಿನ ಗುಡಿಯ ನೋಟ್‌ಬುಕ್ಕಿನಲ್ಲಿ ಮತ್ತೆ ವಾರಕ್ಕೆ ನಾಲ್ಕು ಹಾಡು. ಜೊತೆಗೆ ಹೊಸದಾಗಿ ಐದನೆಯ ಸಾಲೊಂದು ಸೇರಿದೆ: ಪ್ರಭು ಕಲಿಸಿದ ಪ್ರಾರ್ಥನೆಯನ್ನು ಹಾಡುವುದೋ ಹೇಳುವುದೋ. ಹಾಡುವುದು ಎಂದೇ ಹೆಚ್ಚಿನ ವಾರ ಬರೆದಿದೆ. ಪೆನ್‌ಡ್ರೈವು ಕ್ರಿಸ್ಮಸ್ ಗೋದಲಿಯ ಮೈಕಿಗೆ ಮೀಸಲಾಗಿದೆ. ನಾನು ಹೋದ ಸಂಜೆ ಮರುದಿನದ ತಾಲೀಮು ನಡೆದಿತ್ತು. ಕಾಣಿಕೆ ಗೀತೆ ಕಪ್ಪು ಎರಡರಲ್ಲಿ ಎತ್ತಿದರೆ ಗಂಡಸರಿಗೆ ಮುಟ್ಟುವುದಿಲ್ಲ ಎಂದು ತಬಲಾದವರು, ಇಳಿಸಿದರೆ ಹೆಂಗಸರ ದನಿ ಕೇಳುವುದೇ ಇಲ್ಲ ಎಂದು ಅಕ್ಕ. ಪೇಟಿಯವನು ಇಬ್ಬರ ಮುಖವನ್ನೂ ನೋಡುತ್ತ ತಿದಿ ಒತ್ತುತ್ತಲೇ ಇದ್ದ. ಉಪದೇಶಿ ಬಂದು ಬೈದ ಮೇಲೂ ಜಗಳ ಮುಗಿಯುವ ಲಕ್ಷಣ ಕಾಣಲಿಲ್ಲ. ನನ್ನ ಕುಷ್ಟಗಿ ಬಸ್ಸಿಗೆ ಹೊತ್ತಾಗಿತ್ತು.